ಮಸಾಲೆ ಡಬ್ಬಿಯಲ್ಲಿ ಟೈಟಾನಿಯಂ

೧೩ ಮಾರ್ಚ್ ೨೦೦೦, ಸೋಮವಾರ

…ಅಲ್ಲ, ನಿನ್ನೆ ಬರೆದದ್ದು ಅರ್ಧ ಮಾತ್ರ. ನಿಕಲ್ ಲೋಹಕ್ಕೆ ಟೈಟಾನಿಯಂ ಹಾಕಿದರೆ ಗಟ್ಟಿಯಾಗುತ್ತದೆ, ಖರೆ. ಒಳಗೆ ಸಣ್ಣ ಕಣಗಳು ಹುಟ್ಟಿ ಲೋಹ ಜಾರದಂತೆ ಹಿಡಿಯುತ್ತವೆ. ಹೆಚ್ಚಾದರೆ ಸೂಜಿಯಂಥ ಕಣಗಳೇಳುತ್ತವೆ, ಬಿರುಕು ಬಿಡುತ್ತದೆ. ಫೌಂಡ್ರಿ ಲ್ಯಾಬಿನಲ್ಲಿ ಮೂವತ್ತು ವರ್ಷ ತಿಕ್ಕಿದವನು ನಾನು. ಕಾಲೇಜಿನ ಸರ್ ಹೇಳುತ್ತಿದ್ದರು— "ಟೂ ಲಿಟಲ್ ಈಸ್ ವೀಕ್, ಟೂ ಮಚ್ ಈಸ್…" ಏನೋ ಒಂದು.

ಮಗಳು ಬ್ರಾಹ್ಮಿಯ ಎಂ.ಟೆಕ್ ಕೆಲಸಕ್ಕೆ ಎರಕ ಹೊಯ್ದ ನಿಕಲ್ ಬಿಲ್ಲೆಗಳು ಮೂರು: ಟೈಟಾನಿಯಂ ಇಲ್ಲದ್ದು, ಮೂರು ಪರ್ಸೆಂಟ್, ಆರು ಪರ್ಸೆಂಟ್. ಶುಕ್ರವಾರ ರಿವ್ಯೂ. ಬೇರೆ ಎರಕಕ್ಕೆ ಟೈಮಿಲ್ಲ. ಪಾಲಿಶ್ ಮಾಡಿ, ಧೂಳು ಕೂಡಬಾರದೆಂದು ಹೆಂಡತಿ ಜಿನಮತಿಯ ಮಸಾಲೆ ಡಬ್ಬಿಯಲ್ಲಿಟ್ಟೆ. ಅವಳು ತೀರಿಹೋದಾಗಿನಿಂದ ಖಾಲಿ, ವಾಸನೆ ಮಾತ್ರ ಇದೆ. ಜೀರಿಗೆ ಬಟ್ಟಲಲ್ಲಿ ಸೊನ್ನೆ, ಸಾಸಿವೆಯದರಲ್ಲಿ ಮೂರು, ಅರಿಶಿನದ್ದರಲ್ಲಿ ಆರು. ನಡುವಿನ ಬಟ್ಟಲು ಯಾವುದರದೋ, ಮೂಸಿದರೂ ತಿಳಿಯಲಿಲ್ಲ. ಬಿಲ್ಲೆಗಳ ಹಿಂದೆ ನಂಬರ್ ಗೀರಲಿಲ್ಲ. ನೆನಪಿರುತ್ತದಲ್ಲ!

೧೫ ಮಾರ್ಚ್, ಬುಧವಾರ

ನೆನಪಿದೆ. ಡಬ್ಬಿಯೇ ಇಟ್ಟಲ್ಲಿಲ್ಲ. ಅಡುಗೆಯ ಶಿವಲಿಂಗವ್ವ ತೊಳೆದು ಬೋರಲು ಹಾಕಿದ್ದಾಳೆ. ಬಿಲ್ಲೆಗಳು ಟವೆಲ್ ಮೇಲೆ.

"ಜೀರಗಿ ಬಟ್ಟಲ ಯಾವ್ದವ್ವಾ?"

"ಏಳೂ ಒಂದ ನಮೂನಿ ಅದಾವಲ್ರೀ. ನಿಮ್ಮ ಬಿಲ್ಲಿಗೂ ಹುಣಸಿಹಣ್ಣ ಹಚ್ಚಿ ತಿಕ್ಕೀನಿ. ನೋಡ್ರಿ, ಹೆಂಗ ಹೊಳ್ಯಾಕತ್ತಾವ!"

ಎರಡು ದಿನದ ಪಾಲಿಶ್ ತೆಂಗಿನ ನಾರಿಗೆ ಹೋಯಿತು. ನಾಳೆ ಸಂಜೆ ಬ್ರಾಹ್ಮಿ ಖಾನಾಪುರದ ಸೋದರತ್ತೆ ಮನೆಯಿಂದ ಬರುತ್ತಾಳೆ.

೧೬ ಮಾರ್ಚ್, ಬೆಳಿಗ್ಗೆ ೧೧

ಮತ್ತೆ ಪಾಲಿಶ್, ಆಸಿಡ್, ಕಿಟಕಿ ಬಿಸಿಲಲ್ಲಿ ಹಳೆಯ ಮೈಕ್ರೋಸ್ಕೋಪ್. ಒಂದರಲ್ಲಿ ಸೂಜಿಗಳು— ಅದು ಆರು, ನೋ ಡೌಟ್. ಉಳಿದೆರಡು ಅವಳಿಜವಳಿ. ಆ ಸಣ್ಣ ಕಣ ನನ್ನ ಲೆನ್ಸಿಗೆ ಸಿಗದು. ಅಂಚಿಗೆ ಅಂಚು ತಿಕ್ಕಿದೆ. ಗೀರು ಬಿದ್ದದ್ದು ಮೆತ್ತಗಿನದು, ಸೊನ್ನೆ… ಆಗಿರಬೇಕು.

ಸಂಜೆ

ಹೇಳಿಬಿಟ್ಟೆ.

"ಅಪ್ಪಾ, ನಿಮ್ಮ ಅಂದಾಜ ಹಿಡ್ಕೊಂಡು ನಾ ಗೈಡ್ ಮುಂದ ನಿಂದರಲೇನು?"

"ಮೊದಲ ಮಷಿನ್ಯಾಗ ಒತ್ತಿ ಹಾರ್ಡ್‌ನೆಸ್ ನೋಡವಾ. ತಪ್ಪಿದ್ರ ನಾನ ಬಂದು ಒಪ್ಕೋತೀನಿ."

ಅವಳು ಉಣ್ಣದೆ ಮಲಗಿದಳು.

೧೭ ಮಾರ್ಚ್, ಸಂಜೆ

ನಾನು ಜೋಡಿಸಿದ ಸಾಲೇ ಸರಿ! ಸೊನ್ನೆ ಮೆತ್ತಗೆ, ಮೂರು ಗಟ್ಟಿ, ಆರರಲ್ಲಿ ಒತ್ತಿದ ಗುರುತಿನ ಮೂಲೆಗೆ ಬಿರುಕು. ರಿವ್ಯೂ ಪಾಸ್. ಪಾಲಿಶ್ ಯಾರದೆಂದು ಗೈಡ್ ಕೇಳಿದರಂತೆ.

"ಹುಣಸಿಹಣ್ಣಂತ ಹೇಳಾಕಾಗ್ಲಿಲ್ಲ. ಅಪ್ಪಂದು ಅಂದೆ."

ಇನ್ನು ಎಲ್ಲಕ್ಕೂ ಹಿಂದೆ ಹೆಸರು— ಅವಳ ಆರ್ಡರ್. ಬಿಲ್ಲೆಗಳಿಗೆ ಗೀರಿದೆ. ಬಟ್ಟಲುಗಳಿಗೂ: ಜೀರಿಗೆ, ಸಾಸಿವೆ, ಅರಿಶಿನ, ಮೆಂತ್ಯ, ಖಾರ, ಲವಂಗ.

ನಡುವಿನದು?

ಸಾರು ಇಳಿಸುವಾಗ ಜಿನಮತಿ ನಡುವಿನ ಬಟ್ಟಲಿಂದಲೇ ಒಂದು ಚಿಟಿಕೆ ಹಾಕುತ್ತಿದ್ದಳು. ಸಾರಿನ ಸ್ಟ್ರೆಂಗ್ತ್ ಅದರಲ್ಲೇ. ಏನೆಂದು ಒಮ್ಮೆಯೂ ಕೇಳಲಿಲ್ಲ. ಮೂಸಿದೆ— ಬರೀ ಸಾಬೂನು.

"ಒಂದೊಂದ ಹಾಕಿ ಟ್ರಯಲ್ ಮಾಡೂಣು ಅಪ್ಪಾ," ಎಂದಳು ಬ್ರಾಹ್ಮಿ. ಒಲೆ ಮುಂದಿದ್ದಾಳೆ. ಇವತ್ತು ಧನಿಯಾ.

ಅರೆ, ಬೆಳಕು ಹೋಗುತ್ತಿದೆ. ಹೊತ್ತು ಮುಳುಗಿದರೆ ನಮ್ಮ ಜೈನರಲ್ಲಿ ಊಟವಿಲ್ಲ. ಕರೆಯುತ್ತಿದ್ದಾಳೆ. ಧನಿಯಾ ಅಲ್ಲ ಅನಿಸುತ್ತದೆ, ವಾಸನೆ ಬೇರೆ… ಆದರೆ ಹತ್ತಿರ—