ರಾಗಿ ಕಾದವನ ಅಂಕ

ತಿಗನಾರೆ
14-11-2024

ದಿವ್ಯ,

ನನ್ನ ಆಶೀರ್ವಾದ ನಿನಗೆ ಯಾವಾಗಲೂ ಇದೆ. ಕೋಪದ ಜೊತೆ ಅದನ್ನು ಬೆರೆಸಬಾರದೆಂದು ಮೊದಲೇ ಬರೆದುಬಿಟ್ಟಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ವಯಸ್ಸಾಯಿತು ಅಂದುಕೋ.

ನಿನ್ನ ಅಣ್ಣ ವೃಷಭೇಂದ್ರನನ್ನು ಇನ್ನೂ ಬೀಗದ ವಾರ್ಡಿನಲ್ಲೇ ಇಡುತ್ತಾರೆಂದು ತಿಳಿಸಿದ್ದೀಯ. ಕೋರ್ಟು ಕಳಿಸಿದ ರೋಗಿ ಬೀಗದ ವಾರ್ಡಿನಲ್ಲಿರಬೇಕೋ, ತೆರೆದ ವಾರ್ಡಿನಲ್ಲೋ, ಮನೆಯಲ್ಲೋ ಎಂದು ಡಾಕ್ಟರಿಗೆ ಕಂಪ್ಯೂಟರ್ ಸಲಹೆ ಕೊಡುತ್ತದಂತೆ. ಎಷ್ಟು ಅಪಾಯದವನೆಂದು ಅಳೆದು ಅದು ಅವನಿಗೆ ಬಹಳ ಅಂಕ ಕೊಟ್ಟಿದೆಯಂತೆ. ಸ್ಕೂಲಿನಲ್ಲಿ ಅವನಿಗೆ ಎಂದೂ ಬಾರದಷ್ಟು.

ಅವನು ಮಚ್ಚು ಬೀಸಿದ್ದು ನಿಜ. ನನ್ನ ಹೆಗಲಿಗೆ ಬಿದ್ದದ್ದೂ ನಿಜ. ಕಿವಿಯಲ್ಲಿ ಯಾರದೋ ದನಿ ಕೇಳಿ, ಎದುರಿಗಿರುವವಳು ಯಾರೆಂದೇ ತಿಳಿಯದೆ ಬೀಸಿದ. ಅದನ್ನು ಲೆಕ್ಕಕ್ಕೆ ಹಿಡಿಯಲಿ, ಬೇಡವೆನ್ನುವುದಿಲ್ಲ. ಮಿಕ್ಕದ್ದನ್ನು ಹಿಡಿದದ್ದು ಹೇಗೆ?

ಆಸ್ಪತ್ರೆಯಲ್ಲಿ ಎಲ್ಲ ತಮಿಳೇ, ನನಗೆ ಬರುವುದು ಸಂತೆಯ ತಮಿಳು. ಆಸ್ಪತ್ರೆಯ ತಮಿಳು ನಿನಗೇ ಗೊತ್ತೆಂದು, ಅವನ ಬಗ್ಗೆ ವಿಚಾರಿಸಿದ ದಿನ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ರಾತ್ರಿ ಮಲಗದೆ ಎದ್ದಿರುತ್ತಿದ್ದನೇ ಎಂದು ಡಾಕ್ಟರಮ್ಮ ಕೇಳಿದರು. ರಾಗಿ ತೆನೆ ಕಟ್ಟಿದ ಮೇಲೆ ಯಾರು ಮಲಗುತ್ತಾರೆ, ಹೊಲದ ಅಟ್ಟಣೆಯಲ್ಲಿ ಕಾವಲಿರುತ್ತಾನೆ ಎಂದೆ. ಕೈಯಲ್ಲಿ ಮಚ್ಚಿರುತ್ತಿತ್ತೇ ಎಂದರು. ಕಾಡಂಚಿಗೆ ಬರಿಗೈಲಿ ಹೋಗುವರೇ ಎಂದೆ. ಕೂಗಾಡುತ್ತಿದ್ದನೇ, ಬೆಂಕಿ ಹಚ್ಚುತ್ತಿದ್ದನೇ ಎಂದೂ ಕೇಳಿದರು. ಅವನು ಕೂಗಿದರೆ ಆನೆ ಹಿಂಡು ಬಂದ ದಾರಿ ಹಿಡಿಯುತ್ತಿತ್ತು, ಅವನು ಹಾಕಿದ ಬೆಂಕಿ ಬೆಳಗಿನವರೆಗೆ ಆರುತ್ತಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಅಷ್ಟಕ್ಕೂ ನೀನು ತಮಿಳಿನಲ್ಲಿ ಹೇಳಿದ್ದು ಒಂದೇ ಮಾತು, ಹೌದು ಎಂದು. ಆಮಾ. ಆಮಾ. ಆಮಾ.

ಅದೇ ಅಟ್ಟಣೆಯ ಮೇಲೆ ಅವನ ಕಂಬಳಿ ಹೊದ್ದು ಮಲಗಿ ಬೆಳೆದವಳು ನೀನು. ಆನೆಯ ಹೆಸರನ್ನೇ ಎತ್ತಲಿಲ್ಲ.

ಪಕ್ಕದ ಹೊಲದ ಪುಟ್ಟಬಸಪ್ಪನಿಗೆ ಇದನ್ನು ಹೇಳಿದೆ. “ಅಂಗಾರೆ ನಮ್ಮೂರ ಗಂಡಸ್ರುನೆಲ್ಲಾ ಅಲ್ಲಿಗೇ ಆಕ್ಬೇಕು ಕಣಕ್ಕ. ಆನೆಗೊಳು ಆರಾಮಾಗಿ ರಾಗಿ ತಿನ್ಲಿ” ಎಂದು ನಕ್ಕ. ನನಗೆ ನಗು ಬರಲಿಲ್ಲ.

ಹೋದ ವಾರ ವೃಷಭೇಂದ್ರ ವಾರ್ಡಿನಿಂದ ಮಾತಾಡಿದ. ಮಾತ್ರೆ ತಪ್ಪದೆ ನುಂಗುತ್ತಿದ್ದಾನೆ. ಮಾತು ನಿಧಾನವಾಗಿತ್ತು, ಆದರೆ ನೆಟ್ಟಗಿತ್ತು. “ಅವ್ವಾ, ಒಲವ ಯಾರ್ ಕಾಯ್ತಾವ್ರೆ?” ಎಂದು ಕೇಳಿದ. ನಾನೇ ಎಂದೆ. “ನೀ ಓಗ್ಬ್ಯಾಡ ಕಣವ್ವ, ಒಂಟಿ ಸಲಗ ತಿರುಗ್ತದೆ” ಎಂದ. ಅವನಿಂದ ನನ್ನ ಜೀವಕ್ಕೆ ಅಪಾಯವೆಂದು ಕಂಪ್ಯೂಟರ್ ಹೇಳುತ್ತದೆ. ಈ ಮಾತಿಗೆ ಅದು ಎಷ್ಟು ಅಂಕ ಕೊಡುತ್ತದೆಂದು ಕೇಳಿ ತಿಳಿಸು.

ನಿನಗೇನಾದೀತೋ ಎಂಬ ಭಯಕ್ಕೇ ಹಾಗೆ ಹೇಳಿದೆ, ನಮ್ಮ ಮನೆಗೆ ಬಂದಿರು ಎಂದು ಬರೆದಿದ್ದೀಯ. ಮದುವೆಯಾಗಿ ಈ ಹೊಸ್ತಿಲು ದಾಟಿ ಒಳಗೆ ಬಂದವಳು ನಾನು. ಇನ್ನೊಬ್ಬರ ಮನೆಯಲ್ಲಿ ತಟ್ಟೆ ಮುಂದೆ ಕಾದು ಕೂರುವ ಹೆಂಗಸಲ್ಲ ನಿನ್ನವ್ವ.

ಮುಂದಿನ ತಿಂಗಳು ಮತ್ತೆ ನೋಡುತ್ತಾರಂತಲ್ಲ. ಆಗ ಆನೆಯ ವಿಷಯ, ಕಾವಲಿನ ವಿಷಯ ಬಿಡಿಸಿ ಹೇಳು. ಸಲಹೆ ಕಂಪ್ಯೂಟರಿನದಾದರೂ ರುಜು ಹಾಕುವವರು ಡಾಕ್ಟರಮ್ಮನೇ ಅಲ್ಲವೇ.

ನಿನ್ನ ತಾಯಿ,
ಪುಟ್ಟಮಲ್ಲಮ್ಮ

ಇನ್ನೊಂದು ಮಾತು: ಏಟು ತಿಂದವರು ಇರುವ ಮನೆಗೆ ರೋಗಿಯನ್ನು ಕಳಿಸಬಾರದೆಂದೂ ಕಂಪ್ಯೂಟರ್ ಹೇಳುತ್ತದೆಂದು ಬರೆದಿದ್ದೆಯಲ್ಲ. ಬುಧವಾರ ನಾನು ದೊಡ್ಡಗಾಜನೂರಿನ ತಮ್ಮನ ಮನೆಗೆ ಹೊರಟಿದ್ದೇನೆ. ತಮ್ಮನ ಹೆಂಡತಿ ಹಿಂದಿನ ಕೋಣೆ ತೆರವು ಮಾಡಿದ್ದಾಳೆ. ನನ್ನ ಬಲಗೈ ತಲೆಯವರೆಗೆ ಏಳದು, ಬಾಚಿ ಮುಡಿ ಕಟ್ಟುವವಳೂ ಅವಳೇ. ವೃಷಭೇಂದ್ರ ಬಂದರೆ ಅವನ ಊಟ, ಮಾತ್ರೆ ಪುಟ್ಟಬಸಪ್ಪನ ಮನೆಯವರು ನೋಡಿಕೊಳ್ಳುತ್ತಾರೆ. ನಿಮ್ಮ ತಾಯಿ ಆ ಮನೆ ಬಿಟ್ಟು ಹೋದರೇ ಎಂದು ಡಾಕ್ಟರಮ್ಮ ಕೇಳಿದರೆ, ಆಗ ಹೇಳು ನಿನ್ನ ಆ ಒಂದು ಮಾತನ್ನು.