ನಾಕ ನಂಬರ್ ಯಾಕ ಓಡಿದ?

9 ಫೆಬ್ರವರಿ 1981, ಸೋಮವಾರ. ಟೈಮ್ ಆಫೀಸು.

ಎಂದಿನಂತೆ ಕಾರ್ಡು ಜೋಡಿಸುತ್ತ ಕೂತೆ. ಫಸ್ಟ್ ಶಿಫ್ಟಿನವರು ಬಂದು ಕಾರ್ಡು ಪಂಚ್ ಮಾಡಿದರು. ಹೋಗುತ್ತ ನನಗೂ ಒಂದೊಂದು ಪಂಚ್.

"ಏನ್ರಿ ಸೆಕ್ರೆಟರಿ ಸಾಹೇಬ್ರ, ಬೆಳಗಾವಿಯಿಂದ ಕುಂದಾ ತಂದ್ರಿಲ್ಲೊ?"

ತಂದೇವಿ. ಹಾಲಿನ ಕುಂದಾ ಅಲ್ಲ, ಮಾನದ ಕುಂದು.

ನಮ್ಮ ಮಿಲ್ ಕ್ಲಬ್ಬಿನ ನಿನ್ನೆಯ ಫುಟ್ಬಾಲ್ ಸೆಮಿಫೈನಲ್ ಕಣ್ಣಿಂದ ಹೋಗವಲ್ಲದು. ಒಂದಕ್ಕೊಂದು ಸಮ. ಆಟ ಮುಗಿಯಲು ಬಂದಿತ್ತು, ರೆಫರಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಆಗ ನಮ್ಮ ಸ್ಟಾಪರ್ ಮಹಾಂತಪ್ಪ — ಬೆನ್ನ ಮೇಲೆ ನಾಕ ನಂಬರ್, ಗೋಲಿನ ಮುಂದೆ ಗೋಡೆಯಂತೆ ನಿಲ್ಲಬೇಕಾದವ — ಕಣ್ಣಿ ಹರಿದ ಹೋರಿಯಂತೆ ಮುಂದಕ್ಕೆ ಓಡಿದ. ಗೋಡೆಯೇ ಓಡಿಹೋದ ಮೇಲೆ ಬಾಗಿಲು ಹುಡುಕುವವರ್ಯಾರು? ಅವರ ಸೆಂಟರ್ ಫಾರ್ವರ್ಡ್ ಅರಿಷಿಣ-ಕುಂಕುಮಕ್ಕೆ ಕರೆದವರ ಹಾಗೆ ಒಳಗೆ ಬಂದ. ಅವರಿಗೆ ಗೋಲು. ನಮಗೆ ಗೋಳು.

ಬರುವಾಗ ವ್ಯಾನಿನಲ್ಲಿ ಮಹಾಂತಪ್ಪ ಅತ್ತ. ಆರಡಿ ಆಳು, ಹುರಿ ಮೀಸೆ. ಧಾರವಾಡದ ಕಡೆಯವ, ಮಿಲ್ಲಿಗೆ ಸೇರಿದ್ದು ಈ ದೀಪಾವಳಿಗೆ.

"ಮಾನ್ವೆಲ್ ಕಾಕಾನ ಒದರಿದ್ರಿ. ನಾಕ! ನಾಕ! ಅಂದ. ನನಗ ಮುಂದ ಹೋಗಂತಾನ ಅಂತ ನಾ ಹ್ವಾದೆ."

ಹಿಂದಿನ ಸೀಟಿನಿಂದ ನಮ್ಮ ಕೋಚ್ ಮಾನ್ವೆಲ್: "ಸುಳ್ಳ. ನಾ ಹೋಗಬ್ಯಾಡಂತ ಒದರಿದೆ."

ಹಳಿಯಾಳ ದಾಟುವವರೆಗೆ ನಾನು ಒಂದೂ ಚಾಷ್ಟಿ ಮಾಡಲಿಲ್ಲ. ಪೇಪರಿನಲ್ಲಿ ಹಾಕಿಸಬೇಕಾದ ಸುದ್ದಿ ಅದು.

ಒಂದು ಮಾತು ಈ ಡೈರಿಯಲ್ಲಿ ಮಾತ್ರ. ನಾನು ಮಾನ್ವೆಲ್ಲನ ಮಗ್ಗುಲಲ್ಲೇ ನಿಂತಿದ್ದೆ. ಇದೇ ಕಿವಿಯಿಂದ ಕೇಳಿದೆ. ಆತ ಅಂದದ್ದು 'ನಾಕ'.


11 ಫೆಬ್ರವರಿ, ಬುಧವಾರ

ಶಿವಲಿಂಗಪ್ಪ ಆಫೀಸಿಗೇ ಬಂದ. ನಮ್ಮ ಟೀಮಿಗೆ ಇಬ್ಬರು ಕೋಚು — ಮುಂದೆ ಆಡುವವರಿಗೆ ಶಿವಲಿಂಗಪ್ಪ, ಹಿಂದೆ ನಿಂತು ಕಾಯುವವರಿಗೆ ಮಾನ್ವೆಲ್. ಗೆದ್ದರೆ ಮುಂದಿನವರಿಂದ, ಸೋತರೆ ಹಿಂದಿನವರಿಂದ. ಶಿವಲಿಂಗಪ್ಪನ ಶಾಸ್ತ್ರ ಅಷ್ಟೇ.

"ಹುಬ್ಬಳ್ಳ್ಯಾಗ ಒಬ್ಬ ಕೋಚ್ ಅದಾನ. ಡಿಪ್ಲೊಮಾ ಮಾಡ್ಯಾನ. ಬೋರ್ಡ್ ಮ್ಯಾಲ ಗೀಟ ಹಾಕಿ ಕಲಿಸ್ತಾನ."

"ಗೀಟು ನಮ್ಮ ಮೈದಾನದ ಮ್ಯಾಲೂ ಅದಾವಲ್ಲೋ. ಬಾಲ್ ಅದನ್ನ ದಾಟೇ ಹೋತು."

"ಚಾಷ್ಟಿ ಸಾಕು. ಮುದುಕ ತಪ್ಪ ಮಾಡಿದ, ಹೋಗ್ಲಿ. ತಪ್ಪ ಮಾಡಿ ಹುಡುಗನ ತಲಿಗೆ ಕಟ್ತಾನಲ್ಲ, ಅದಕ್ಕ ಸಿಟ್ಟು. ಏನ್ ಒದರಿದ ಅಂತ ನೀ ಕೇಳಿಯೋ ಇಲ್ಲೋ?"

ಕಾರ್ಡು ಜೋಡಿಸಿದೆ. ಜೋಡಿಸಿದ್ದನ್ನೇ ಮತ್ತೆ ಕೆಡವಿ ಜೋಡಿಸಿದೆ.

ಶನಿವಾರ ಇಪ್ಪತ್ತೊಂದಕ್ಕೆ ಕಮಿಟಿ. ಏಳು ಜನ. ಕೋಚನ್ನು ಕೊಚ್ಚುವ ಸಭೆ. ಮೂವರು ಶಿವಲಿಂಗಪ್ಪನ ಕಡೆ, ಮೂವರು ಎತ್ತ ಗಾಳಿ ಅತ್ತ. ಉಳಿದವ ನಾನು, ಗಾಳಿ ಬೀಸುವವ. ಕೇಳಿದ್ದನ್ನು ಹೇಳಿದರೆ ಮಾನ್ವೆಲ್ ಸುಳ್ಳ. ಕೇಳಿಲ್ಲ ಅಂದರೆ ನಾನು ಸುಳ್ಳ. ಮಧ್ಯದ ದಾರಿ ಎಂಬುದು ಫುಟ್ಬಾಲಿನಲ್ಲಿ ಸೆಂಟರ್ ಹಾಫ್‌ಗೆ ಮಾತ್ರ.

ಕಾಲು ನೆಲಕ್ಕೆ ನಿಲ್ಲವಲ್ಲದು. ಟೇಬಲ್ಲಿನ ಕೆಳಗೆ ಎರಡು ಸಲ ಬುಟ್ಟಿ ಒದ್ದೆ. ಎರಡೂ ಆಫ್‌ಸೈಡ್.


13 ಫೆಬ್ರವರಿ, ಶುಕ್ರವಾರ. ಸಂಜೆ.

ಮೈದಾನಕ್ಕೆ ಹೋಗಿದ್ದೆ. ಮಾನ್ವೆಲ್ ಹಿಂದಿನ ನಾಲ್ವರನ್ನು ನಿಲ್ಲಿಸಿ, ಒಬ್ಬರ ಸೊಂಟಕ್ಕೊಬ್ಬರ ಸೊಂಟ ಹಗ್ಗದಿಂದ ಕಟ್ಟಿ ಓಡಿಸುತ್ತಿದ್ದ. ಒಬ್ಬ ಮುಂದೆ ಜಾರಿದರೆ ಉಳಿದ ಮೂವರೂ ಮುಗ್ಗರಿಸಬೇಕು, ಆಗ ಸಾಲು ಅಂದರೆ ಏನಂತ ತಿಳಿಯುತ್ತದೆ ಅಂತ ಅವನ ಲೆಕ್ಕ. ಮಹಾಂತಪ್ಪನನ್ನೂ ಕಟ್ಟಿದ್ದ. ಇಬ್ಬರಿಗೂ ಮಾತಿಲ್ಲ. ಹಗ್ಗ ಮಾತ್ರ.

ಮಾನ್ವೆಲ್ ಸಾಂಬ್ರಾಣಿ ಅನ್ನುವ ಊರ ಕಡೆಯ ಸಿದ್ದಿ. ಬಿದಿರು ಯಾರ್ಡಿನಲ್ಲಿ ದುಡಿದು ಹೋದ ವರ್ಷ ರಿಟೈರಾದ. ಹಿಂದೊಮ್ಮೆ ಈ ಕ್ಲಬ್ಬಿನ ಫುಲ್ ಬ್ಯಾಕ್. ಅವನನ್ನು ದಾಟಿ ಹೋಗೋದಕ್ಕಿಂತ ಕಾಳಿ ಹೊಳೆ ದಾಟೋದು ಸಲೀಸು ಅನ್ನುತ್ತಿದ್ದರಂತೆ. ಊರಲ್ಲಿ ತಂಗಿ ಕಾತರಿನಾ, ಗದ್ದೆ ನೋಡಿಕೊಳ್ಳಲು ಬಾ ಅಂತ ಹೇಳಿ ಕಳಿಸಿದ್ದೇ ಕಳಿಸಿದ್ದು. ಇವನು ಟೀಮು ಬಿಟ್ಟು ಹೋಗಲೊಲ್ಲ.

"ನನ್ನ ತಗೀತಾರಂತಲ್ಲ?" ಅಂದ, ಹಗ್ಗ ಸುತ್ತುತ್ತ.

"ತಗಿಯೂದು ಅಲ್ಲೋ ಕಾಕಾ. ವಿಚಾರ ಮಾಡ್ತಾರ."

"ಹಲ್ಲ ಕೀಳೂ ಡಾಕ್ಟರನೂ ಹಂಗ ಅಂತಾನ."

ನಗಬೇಕಾದದ್ದು ನಾನು. ಅವನೇ ನಕ್ಕ, ಅರ್ಧ. ಆಮೇಲೆ ನನ್ನ ಭುಜ ಹಿಡಿದು:

"ಸೆಕ್ರೆಟರಿ, ಕೇಳು. ಬ್ಯಾಡ ಅಂತ ಒಂದ ಸಲ ಅಂದ್ರ ಸಾಕು. ಯಾಕಂತ ಕೇಳಾಂವಲ್ಲ. ಗಂಟ ಕಟ್ಟಿ ಹೋಗ್ತೇನಿ. ಎರಡನೇ ಸಲ ಈ ಮೈದಾನಕ್ಕ ಕಾಲ ಇಡೂದಿಲ್ಲ, ನೀವು ಬ್ಯಾಂಡ್ ಬಾರಿಸ್ಕೋತ ಬರ್ರಿ ಬೇಕಾದ್ರ. ಆದ್ರ ನಾ ಹೋಗಬ್ಯಾಡಂತನ ಒದರಿದೆ. ಅದರಾಗ ಸುಳ್ಳಿಲ್ಲ."

ಕಣ್ಣು ತಪ್ಪಿಸಿ ಗೋಲ್ ಕಂಬ ನೋಡಿದೆ. ಕಂಬವೂ ನನ್ನನ್ನೇ ನೋಡಿದ ಹಾಗಾಯಿತು.


18 ಫೆಬ್ರವರಿ, ಬುಧವಾರ

ಸಿಕ್ತು. ಸಿಕ್ತು ಸಿಕ್ತು ಸಿಕ್ತು.

ಕಾಶೀಮನ ಚಹಾದಂಗಡಿ. ಕಾಶೀಮ ಊರಿಗೆ ಹೋಗಿದ್ದಾನೆ, ಒಲೆಯ ಮುಂದೆ ಹೊಸಬ ದುರ್ಗಪ್ಪ, ನಮ್ಮ ಧಾರವಾಡ ಸೀಮೆಯವ. ಗಂಗೂಬಾಯಿ ಕಟ್ಟಿಗೆ ಹೊರೆ ಇಳಿಸಿ ಚಹಾ ಕುಡಿದಳು. ಮಾನ್ವೆಲ್ಲನ ಮಂದಿಯೇ, ಮನೆಯಲ್ಲಿ ಕೊಂಕಣಿ.

"ಭಜಿ ಬೇಕೇನ್ಬೇ?" ಅಂದ ದುರ್ಗಪ್ಪ.

"ನಾಕಾ."

ದುರ್ಗಪ್ಪ ಎಣಿಸಿ ನಾಕು ಭಜಿ ಪೇಪರಿನಲ್ಲಿ ಕಟ್ಟಿದ!

"ಅಯ್ಯ ಸುಡ್ಲಿ ನಿನ್ನ! ನಾಕಾ ಅಂದ್ನಿ, ನಾಕಾ! ಬ್ಯಾಡಂದ್ರ ಕಟ್ಟಿ ಕೊಡ್ತೀಯಲ್ಲ!"

"ನಾಕ ಅಂದೀ, ನಾಕ ಕಟ್ಟೀನಿ. ಐದ ಅಂದಿದ್ರ ಐದ ಕಟ್ತಿದ್ದೆ. ನನ್ನ ಮ್ಯಾಲ್ಯಾಕ ಹರಿಹಾಯ್ತಿ?"

ನನ್ನ ಕೈಯ ಬಸಿಯಿಂದ ಚಹಾ ಶರ್ಟಿನ ಮೇಲೆ. ಸುಟ್ಟದ್ದು ಗೊತ್ತಾದದ್ದು ಆಮೇಲೆ.

ಕೊಂಕಣಿಯ 'ನಾಕಾ' ಅಂದರೆ ಬೇಡ! ಮರಾಠಿಯ ನಕೋ ಗೊತ್ತಿತ್ತು ನನಗೆ, ಈ ನಾಕಾ ಗೊತ್ತಿರಲಿಲ್ಲ. ಮಾನ್ವೆಲ್ ನಮ್ಮ ಜೊತೆ ಆಡುವುದೆಲ್ಲ ಕನ್ನಡ. ಆದರೆ ಬೆಂಕಿ ಹತ್ತಿದಾಗ ಬಾಯಿಗೆ ಬರುವುದು ಅವ್ವನ ಭಾಷೆ. ಹುಡುಗ ಗೋಲು ಬಿಟ್ಟು ಹೊರಟದ್ದು ಕಂಡು 'ಬೇಡ, ಬೇಡ' ಅಂತ ಒದರಿದ. ಇವನು 'ನಾಕ ನಂಬರ್, ನಾಕ ನಂಬರ್' ಅಂತ ಕೇಳಿ ಇನ್ನೂ ಜೋರಾಗಿ ಓಡಿದ! ಮಾನ್ವೆಲ್ ಸುಳ್ಳನಲ್ಲ. ಮಹಾಂತಪ್ಪ ಸುಳ್ಳನಲ್ಲ. ನನ್ನ ಕಿವಿಯೂ ಸುಳ್ಳಲ್ಲ. ಕಾಲೇಜಿನಲ್ಲಿ ಹ್ರಸ್ವ-ದೀರ್ಘ ಅಂತ ಜೀವ ತಿಂದಿದ್ದರು. ಮೈದಾನದ ಈ ತುದಿಯಿಂದ ಆ ತುದಿಗೆ ಕೂಗುವಾಗ ಎಲ್ಲ ಹ್ರಸ್ವವೂ ದೀರ್ಘವೇ.

ಊರ ತುಂಬ ಶಬ್ದಚೇಷ್ಟೆ ಮಾಡಿಕೊಂಡು ತಿರುಗುವ ನನಗೆ, ನಿಜಕ್ಕೂ ಬೇಕಾಗಿದ್ದ ಒಂದೇ ಒಂದು ಶ್ಲೇಷೆ ಹತ್ತು ದಿನ ಕಾಣಲಿಲ್ಲ. ಭಜಿಯಲ್ಲಿ ಸಿಕ್ಕಿತು.


19 ಫೆಬ್ರವರಿ, ಗುರುವಾರ

ಮಾನ್ವೆಲ್ಲನಿಗೆ ಹೇಳಿಬಿಡಲೇ? ಸೈಕಲ್ ಹತ್ತಿದೆ. ಇಳಿದೆ.

ಇವತ್ತು ಹೇಳಿದರೆ ನಾಳೆ ಊರಿಗೆಲ್ಲ ಗೊತ್ತು. ಶನಿವಾರ ಕಮಿಟಿಯ ಮುಂದೆ ಹಳಸಿದ ಅನ್ನ. ಶಿವಲಿಂಗಪ್ಪ ಅಷ್ಟರಲ್ಲಿ ಉತ್ತರ ಹುಡುಕಿಟ್ಟಿರುತ್ತಾನೆ. ಬೇಡ. ಎಲ್ಲರ ಎದುರು ಒಮ್ಮೆಲೇ ಸಿಡಿಸುವುದು.

ಕಾರಣ ಇದೊಂದೇ ಏನು? ಇಲ್ಲ. ಇಂಥ ಮಾತು ಜನ್ಮಕ್ಕೊಮ್ಮೆ ಸಿಗುತ್ತದೆ. ಉಳಿದ ಆರು ಜನರ ಮುಖ ಬದಲಾಗುವುದನ್ನು ನೋಡುವ ಚಪಲ.

ಎರಡು ದಿನ ತಾನೆ. ಮಾನ್ವೆಲ್ ತಡೆಯುತ್ತಾನೆ. ತಡೆಯುವುದೇ ಅವನ ಕೆಲಸ.


21 ಫೆಬ್ರವರಿ, ಶನಿವಾರ. ಸಂಜೆ 7.

ಒಂದರ ಹಿಂದೊಂದು ಬರೆಯಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ.

ಸಭೆ ನಾಲ್ಕೂವರೆಗೆ. ಮಾನ್ವೆಲ್ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು ಹೊರಗೆ ಬೆಂಚಿನ ಮೇಲೆ ಕೂತ, ಮುಚ್ಚಿದ ಕಿಟಕಿಯ ಕೆಳಗೆ. ಒಳಗೆ ಒದರಿದ್ದಷ್ಟೇ ಅಲ್ಲಿಗೆ ಕೇಳುವುದು. ಕೊರಳಲ್ಲಿ ಸೀಟಿ. ಕರೆದಾಗ ಬಾ ಅಂದೆ. ತಲೆಯಾಡಿಸಿದ.

ಒಳಗೆ ಶಿವಲಿಂಗಪ್ಪ ಮಾತಾಡಿದ, ಡಿಪ್ಲೊಮಾ, ಬೋರ್ಡು, ಗೀಟು. ಆಮೇಲೆ ನಾನು ಎದ್ದೆ. ಭಜಿಯಿಂದ ಶುರು ಮಾಡಿದೆ. ನಕ್ಕರು. ಎಲ್ಲಿ ನಗಬಾರದೋ ಅಲ್ಲೂ ನಕ್ಕರು.

"ಸಾಕ್ರಿ ಸೆಕ್ರೆಟರಿ," ಅಂದರು ಅಧ್ಯಕ್ಷ ಸೋಮಪ್ಪನವರು, ಕಣ್ಣೊರಸಿಕೊಂಡು. "ಭಾರಿ ಕಟ್ಟೀರಿ. ಈಗ ಖರೇ ಏನ ಹೇಳ್ರಿ."

"ಇದ ಖರೇರೀ!"

"ಹೋದ ಸಲ ಬಾಲ್ ಪಂಚರ್ ಆದಾಗೂ ಹಿಂಗ ಅಂದಿದ್ರಿ."

ಯಾರೂ ನಂಬವಲ್ಲರು. ಇಷ್ಟು ವರ್ಷ ನಗಿಸಿದ್ದಕ್ಕೆ ಬಹುಮಾನ. ಕೊನೆಗೆ ಮಹಾಂತಪ್ಪನನ್ನು ಒಳಗೆ ಕರೆಸಿದೆ. ಕಮಿಟಿಯಲ್ಲಿ ಸಾತಪ್ಪ ಅಂತ ಒಬ್ಬನಿದ್ದಾನೆ, ಅರ್ಧ ಬೆಳಗಾವಿ ಅರ್ಧ ಗೋವಾ. ಅವನ ಕಿವಿಯಲ್ಲಿ ಹೇಳಿದೆ, 'ಹೋಗಬೇಡ' ಅಂತ ಕೊಂಕಣಿಯಲ್ಲಿ ಒದರು.

"ನಾಕಾ!" ಅಂದ ಸಾತಪ್ಪ.

ಮಹಾಂತಪ್ಪ ಒಂದು ಹೆಜ್ಜೆ ಮುಂದೆ ಬಂದು ನಿಂತ. "ಏನ್ರಿ?"

ಆರೂ ಮುಖ ಬದಲಾದವು. ಶಿವಲಿಂಗಪ್ಪನದೂ.

"ಏ ಹೌದಲ್ಲೋ..." ಅಂದ ಅವನೇ. "ಆದ್ರೂ ಡಿಪ್ಲೊಮಾ..."

ವೋಟಿಗೆ ಹಾಕಿದರು. ಮಾನ್ವೆಲ್ ಇರಲಿ ಅನ್ನುವವರು ಕೈ ಎತ್ರಿ ಅಂತ ನಾನು ಮೆತ್ತಗೆ ಕೇಳಿದೆ. ಸೋಮಪ್ಪನವರು ಪೆನ್ಸಿಲ್ ಆಡಿಸುತ್ತ ಮನಸ್ಸಿನಲ್ಲೇ ಎಣಿಸಿದರು. ಮಷಿನ್ ಹಾಲ್‌ನಲ್ಲಿ ದುಡಿದು ಮಂದವಾದ ಕಿವಿ. ಅವರ ಪಿಸುಮಾತೂ ಪಕ್ಕದ ಊರು ಮೌಳಂಗಿಗೆ ಕೇಳುತ್ತದೆ. ಏಳರಲ್ಲಿ ಗೆಲ್ಲಲು ಎಷ್ಟು ಬೇಕೋ ಅಷ್ಟು ಕೈ. ಟೇಬಲ್ ಕುಟ್ಟಿ ಸಾರಿದರು:

"ನಾಕ! ಮುಗೀತು!"

ಚಪ್ಪಾಳೆ. ನಾನು ಬಾಗಿಲಿಗೆ ಓಡಿದೆ. ಈಗ ಹೇಳಬೇಕು ಅವನಿಗೆ, ಭಜಿಯಿಂದ ಹಿಡಿದು ಎಲ್ಲ.

ಬೆಂಚು ಖಾಲಿ. ಬೆಂಚಿನ ಮೇಲೆ ಸೀಟಿ.

ವಾಚ್‌ಮನ್ ಅಂದ, "ಒಳಗ ಒಮ್ಮೆ ಒದರಿದ್ರಲ್ರಿ, ಆವಾಗ ತಲಿ ಎತ್ತಿದ್ರು. ಆಮ್ಯಾಲ ಸಾಹೇಬ್ರು ಜೋರಾಗಿ ಏನೋ ಅಂದ್ರು. ಅದನ್ನ ಕೇಳಿ ಎದ್ದ ಹ್ವಾದ್ರು. ಏನ್ ತೀರ್ಮಾನ ಆತ್ರಿ?"

ಸಾತಪ್ಪ: ನಾಕಾ. ಅಧ್ಯಕ್ಷರು: ನಾಕ. ಮುಗೀತು.

ಕಿಟಕಿಯ ಕೆಳಗೆ ಕೂತವನಿಗೆ ಹ್ರಸ್ವ ಯಾವುದು, ದೀರ್ಘ ಯಾವುದು? ಅವನ ಭಾಷೆಯಲ್ಲೇ, ಎಲ್ಲರೂ ಕೂಡಿ, ಎರಡು ಸಲ ಬೇಡ ಅಂದೆವು. ಮೇಲೆ ಚಪ್ಪಾಳೆ.

ಗುರುವಾರವೇ ಹೇಳಿದ್ದರೆ ಬೆಂಚಿನ ಮೇಲೆ ಕೂತು ನಗುತ್ತಿದ್ದ.

ಸೈಕಲ್ ತುಳಿದು ಅವನ ಕೋಣೆಗೆ ಹೋದೆ. ಮನೆಯೊಡತಿ ಸುಶೀಲವ್ವ ಬೀಗದ ಕೈ ತೋರಿಸಿದಳು. "ಗಂಟ ಕಟ್ಕೊಂಡು ಹ್ವಾದ ನೋಡ್ರಿ. ನನ್ನ ಕಾಲಿಗೆ ಬೀಳ್ಲಿಕ್ಕೆ ಬಂದ, ಬ್ಯಾಡೋ ಅಂದೆ." ಬಸ್ ಸ್ಟ್ಯಾಂಡಿಗೆ ಬಂದೆ. ಹಳಿಯಾಳದ ಬಸ್ಸು ಹೋಗಿ ಧೂಳೂ ಕೂತಿತ್ತು.

ಎಲ್ಲರೂ ಅಂತಾರೆ, ಅದಕ್ಕೇನು, ನಾಳೆ ಹೇಳಿಕಳಿಸಿದರಾಯ್ತು. ಅವರು ಮಾನ್ವೆಲ್ಲನ ಮಾತು ಕೇಳಿಲ್ಲ. ಬ್ಯಾಂಡ್ ಬಾರಿಸಿಕೊಂಡು ಹೋದರೂ...

ಶಬ್ದದ ಜೊತೆ ಆಡಿದೆ. ಈಗ ಅದು ನನ್ನ ಜೊತೆ ಆಡುತ್ತಿದೆ.


22 ಫೆಬ್ರವರಿ, ಭಾನುವಾರ. ಬೆಳಿಗ್ಗೆ, ಬಸ್ಸಿನಲ್ಲಿ.

ಹಳಿಯಾಳದಲ್ಲಿ ಬಸ್ಸು ಬದಲಿಸಿದೆ. ಅಕ್ಷರ ಕುಣಿಯುತ್ತಿವೆ. ರಸ್ತೆಯದು ಅರ್ಧ ತಪ್ಪು, ನನ್ನದು ಅರ್ಧ.

ಜೇಬಿನಲ್ಲಿ ಸೀಟಿ. ಸೋಮಪ್ಪನವರು ನಿನ್ನೆ ಸಂಜೆ ಅಂದರು, ಮನುಷ್ಯ ಬರದಿದ್ದರೆ ಸೋಮವಾರ ಹುಬ್ಬಳ್ಳಿಗೆ ಫೋನು. ಶಿವಲಿಂಗಪ್ಪ ನಿನ್ನೆ ಬಸ್ ಸ್ಟ್ಯಾಂಡಿಗೆ ತಾನೇ ಬಂದು ನನ್ನ ಮಗ್ಗುಲು ನಿಂತ. "ಕರಕೊಂಡ ಬಾ," ಅಂದ. ಡಿಪ್ಲೊಮಾ ಎತ್ತಲಿಲ್ಲ. ಮಹಾಂತಪ್ಪ ಬರ್ತೇನಿ ಅಂತ ಹಟ ಹಿಡಿದ. ಬೇಡ ಅಂದೆ. ಈ ಗೋಲು ನಾನು ಬಿಟ್ಟದ್ದು.

ಏನು ಹೇಳುವುದು? ಕನ್ನಡದಲ್ಲಿ ಹೇಳಬಹುದು. ಮಾನ್ವೆಲ್ ಕನ್ನಡ ಬಲ್ಲ. ಆದರೆ ಬೇಡ ಅನ್ನಿಸಿಕೊಂಡದ್ದು ಅವನ ಭಾಷೆಯಲ್ಲಿ. ಬೇಕು ಅನ್ನುವುದೂ ಅದರಲ್ಲೇ ಆಗಬೇಕು. ಕೈಯಲ್ಲಿರುವುದು ಒಂದೇ ಶಬ್ದ, ಅದೂ ಉಲ್ಟಾ.

ಕಂಡಕ್ಟರ್ ಸಂತಾನ ಜೋಯಿಡಾದವ, ಕೊಂಕಣಿ ಬಲ್ಲ. ಕೇಳಿದೆ, "ನಾಕಾದ ವಿರುದ್ಧ ಪದ ಏನೋ?"

"ಜಾಯ್," ಅಂದ, ಟಿಕೆಟ್ ಹರಿಯುತ್ತ. "ತೂ ಆಮ್ಕಾ ಜಾಯ್. ನೀ ನಮಗ ಬೇಕು. ಯಾಕ್ರಿ, ಹುಡುಗಿ ನೋಡಾಕ ಹೊಂಟೀರೇನು?"

"ಹುಡುಗಿ ಅಲ್ಲೋ, ಫುಲ್ ಬ್ಯಾಕು."

"ಹಂಗಾದ್ರ ಬಾಯಿ ಸ್ವಚ್ಛ ಮಾಡಿ ಅನ್ರಿ. ಕಡೀಕ ಯ್ ಬಿಟ್ರಿ ಅಂದ್ರ ಮರಾಠಿ 'ಜಾ' ಆಗತೈತಿ. ಹೋಗು ಅಂದಂಗ."

ದೇವರೇ! ಬೇಕು ಅನ್ನುವುದರ ಬಾಲ ಕತ್ತರಿಸಿದರೆ ತೊಲಗು ಅಂತ. ಈ ಭಾಷೆಗಳೆಲ್ಲ ಕೂಡಿ ನನ್ನ ಮೇಲೆ ಹಠ ಸಾಧಿಸುತ್ತಿವೆ.

ಕಿಟಕಿಗೆ ಮುಖ ಮಾಡಿ ರೂಢಿ ಮಾಡುತ್ತಿದ್ದೇನೆ. ಮುಂದಿನ ಸೀಟಿನ ಮುದುಕಿ ಎರಡು ಸಲ ತಿರುಗಿ ನೋಡಿದಳು. ಮಾನ್ವೆಲ್ ನನ್ನನ್ನು 'ಸಾಂಬ್ರಾಣಿ' ಅಂತ ಬೈದರೂ ಸರಿ. ಊರು ಅವನದು, ಬಿರುದು ನನ್ನದು.

ಇಳೀರಿ ಅನ್ನುತ್ತಿದ್ದಾನೆ ಸಂತಾನ. ರಸ್ತೆಗೆ ಹತ್ತಿದ ಗದ್ದೆಯಲ್ಲಿ ಒಬ್ಬ ಹುಲ್ಲು ಒಟ್ಟುತ್ತಿದ್ದಾನೆ. ಆ ಭುಜ ಗೊತ್ತಿದೆ ನನಗೆ. ಬಸ್ಸಿನ ಸಪ್ಪಳಕ್ಕೂ ತಿರುಗಲಿಲ್ಲ.

ತೂ ಆಮ್ಕಾ ಜಾಯ್. ಜಾಯ್. ಯ್ ಇರಲಿ, ಯ್ ಇರಲಿ. ಜಾಯ್. ಜಾ—