ಎರಡೂ ಮುಕ್ಕಾಲರ ಬಸ್ಸಿಗೆ ಹೋದ ರಿಪೋರ್ಟು

ನವೆಂಬರ್ 3, ಸೋಮವಾರ. ಮಧ್ಯಾಹ್ನ 3.10

ಮತ್ತೆ ಕ್ಯಾಲೆಂಡರ್ ಮೇಲೆ ಪಾಸ್‌ವರ್ಡ್! ಕಾಂತರಾಜ್ ಸರ್ ಕೈಬರಹ, ಕೆಂಪು ಪೆನ್ನು. ಲ್ಯಾಬಿನ ಯಜಮಾನರೇ ಹೀಗಾದರೆ ಯಾರಿಗೆ ಹೇಳುವುದು? ಹೋದ ತಿಂಗಳು ಸಾಗರದ ಟ್ರೈನಿಂಗ್‌ಗೆ ಇಬ್ಬರೂ ಹೋಗಿದ್ದೆವು. ಹ್ಯಾಕರ್‌ಗಳು ಆಸ್ಪತ್ರೆಯ ಕಂಪ್ಯೂಟರಿಗೆ ಹೇಗೆ ಬೀಗ ಹಾಕುತ್ತಾರೆ, ರೋಗಿಗಳ ಮಾಹಿತಿ ಹೇಗೆ ಮಾರಾಟವಾಗುತ್ತದೆ... ಎರಡು ಗಂಟೆ ಹೇಳಿದರು. ಸರ್ ಅರ್ಧಕ್ಕೇ ಎದ್ದು ಹೋದರು. ನಾನು ಏಳು ಪುಟ ಬರೆದುಕೊಂಡೆ.

ಇವತ್ತು ಕೇಳಿದರೆ ನಗು. "ಹೊಸನಗರಕ್ಕೆ ಯಾವ ಹ್ಯಾಕರ್ ಬರ್ತಾನೆ ವಾಗ್ದೇವಿ? ಬಂದ್ರೂ ವಾಪಸ್ ಹೋಗಕ್ಕೆ ಬಸ್ ಸಿಗ್ಬೇಕಲ್ಲ!" ಮೈ ಉರಿದುಹೋಯಿತು. ಹಾಳೆ ಹರಿದೆ. ನವೆಂಬರ್ ಪೂರ್ತಿ ಹೋಯಿತು — ಹೋಗಲಿ.

ಬೆಳಿಗ್ಗೆ ಇಪ್ಪತ್ತಾರು ಸ್ಯಾಂಪಲ್. ಹಾಲಮ್ಮ ಅಂತ ಒಬ್ಬಳು ಬಂದಿದ್ದಳು. ಮಾಸ್ತಿಕಟ್ಟೆಯಿಂದಲೂ ಆಚೆ ಊರು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಎರಡು ತಿಂಗಳಿಂದ ಸುಸ್ತಂತೆ. ರಕ್ತ ಕೊಟ್ಟು, "ರಿಪೋರ್ಟ್ ನಾನೇ ಬಂದು ತಗಳ್ತೀನಿ ಮೇಡಂ" ಎಂದಳು. ಒಂದು ಹಾಳೆಗೆ ಒಂದು ದಿನದ ಕೆಲಸ ಬಿಡುವುದೇ? "ಯಾಕೆ ಸುಮ್ನೆ? ನಾಳೆ ಕಂಡಕ್ಟರ್ ದುರ್ಗೇಶನ ಬಸ್ಸಿಗೆ ಹಾಕ್ತೀನಿ ಬಿಡಿ" ಎಂದೆ. ಇನ್ನೇನೋ ಹೇಳಲು ಬಾಯಿ ತೆರೆದಳು. ಹಿಂದೆ ಕ್ಯೂ ಇತ್ತು. ನೆಕ್ಸ್ಟ್ ಎಂದೆ.

ನವೆಂಬರ್ 4, ಮಂಗಳವಾರ. 2.50

ಹನ್ನೊಂದು ರಿಪೋರ್ಟ್ ದುರ್ಗೇಶನ ಫೋನಿಗೆ ಕಳಿಸಿದೆ. ಬಸ್ ಹೊರಟಿತು. ಹುಲಿಕಲ್ ಕಡೆ ಎಷ್ಟೋ ಮನೆಗಳಿಗೆ ಟವರ್ ಸಿಗುವುದಿಲ್ಲ. ವಾಟ್ಸಾಪ್ ಹಾಕಿದರೆ ಮೂರು ದಿನ ಒಂದೇ ಟಿಕ್. ಕಂಡಕ್ಟರ್ ಫೋನಿಗೆ ಇಲ್ಲೇ ಕಳಿಸಿದರೆ ಅವನು ಸ್ಟಾಪಿನಲ್ಲಿ ತೋರಿಸುತ್ತಾನೆ. ಮೊದಲು ಕವರಿಗೆ ಹಾಕಿ ಪಿನ್ ಹೊಡೆದು ಕೊಡುತ್ತಿದ್ದೆವು, ಒದ್ದೆಯಾಗುತ್ತಿತ್ತು, ಕಳೆದುಹೋಗುತ್ತಿತ್ತು. ಫೋನಿನ ಉಪಾಯ ನನ್ನದು. ಸರ್ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಹಾಲಮ್ಮನದು ಹೆಪಟೈಟಿಸ್ ಬಿ ಪಾಸಿಟಿವ್. ಎರಡು ಸಲ ಮಾಡಿ ನೋಡಿದೆ. ಪಾಪ. ಡಾಕ್ಟರನ್ನು ಕಾಣಲು ಹೇಳು ಎಂದು ದುರ್ಗೇಶನಿಗೇ ಮೆಸೇಜ್ ಹಾಕಿದೆ.

ಪಾಸ್‌ವರ್ಡ್ ಬದಲಾಯಿಸಿದೆ. ಹನ್ನೆರಡು ಅಕ್ಷರ. ಯಾರಿಗೂ ಹೇಳುವುದಿಲ್ಲ.

ನವೆಂಬರ್ 12, ಬುಧವಾರ. ಸಂಜೆ

ಸಿಟ್ಟು ಇನ್ನೂ ಇಳಿದಿಲ್ಲ.

ಹಾಲಮ್ಮ ಬಂದಿದ್ದಳು. ಕ್ಯೂ ಕರಗುವವರೆಗೆ ಬಾಗಿಲ ಮೂಲೆಯಲ್ಲಿ ನಿಂತಿದ್ದಳು. ಆಮೇಲೆ ಫೋನ್ ತೋರಿಸಿದಳು. ಅವಳ ಊರಿನ ಗ್ರೂಪಿನಲ್ಲಿ ಒಂದು ಫೋಟೋ. ನಮ್ಮ ರಿಪೋರ್ಟು! ಯಾರದೋ ಕೈಯಲ್ಲಿರುವ ಫೋನಿನ ಪರದೆಯ ಫೋಟೋ. ಹೆಸರು ಮಸುಕು, ವಯಸ್ಸು ಹೆಬ್ಬೆರಳಿನ ಕೆಳಗೆ. ಪಾಸಿಟಿವ್ ಎನ್ನುವುದು ಮಾತ್ರ ಸ್ಪಷ್ಟ. ಕೆಳಗೆ ಯಾರೋ 'ಬಿಸಿಯೂಟದವಳದ್ದಂತೆ' ಎಂದು ಬರೆದಿದ್ದರು.

"ಎಂಟು ವರ್ಷ ನಾ ಮಾಡಿದ್ ಅನ್ನ ಉಂಡಿದಾವೆ ಮೇಡಂ ಮಕ್ಳು. ನಿನ್ನೆ ಅರವತ್ತರಲ್ಲಿ ಒಂಬತ್ತೇ ತಟ್ಟೆ. ಇವತ್ತಿಂದ ಬರ್ಬೇಡ ಅಂದಿದಾರೆ. ಶನಿವಾರ ಶಾಲೆ ಸಮಿತಿ ಮೀಟಿಂಗು."

ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಊಟದಿಂದ ಇದು ಹರಡೋದೇ ಇಲ್ಲ! ನೀವು ಸುಮ್ನಿರಿ, ನಾನು ನೋಡ್ಕೊಳ್ತೀನಿ" ಎಂದೆ. "ಬ್ಯಾಡ ಮೇಡಂ, ನಾನೇ ಎಂತಾದ್ರೂ..." ಎನ್ನುತ್ತಿದ್ದಳು. ನಾನಾಗಲೇ ಚಪ್ಪಲಿ ಮೆಟ್ಟಿದ್ದೆ. ಫೋಟೋದಲ್ಲಿದ್ದ ಪರದೆಯ ಬಲಮೂಲೆ ಒಡೆದಿತ್ತು. ಆ ಒಡಕು ನನಗೆ ಗೊತ್ತು.

ಬಸ್‌ಸ್ಟ್ಯಾಂಡಿನಲ್ಲಿ ದುರ್ಗೇಶನನ್ನು ಹಿಡಿದೆ. ಜನ ನೋಡಿದರು. ನೋಡಲಿ.

"ನಿಮ್ದು ನೀವೇ ಹುಡ್ಕಿಕೊಳ್ಳಿ ಅಂತ ಫೋನ್ ಕೊಡ್ತೀನಿ ಮೇಡಂ. ಒಬ್ರು ನೋಡಿ ಹಿಂದಿನವ್ರಿಗೆ ಕೊಡ್ತಾರೆ. ನಾ ಟಿಕೆಟ್ ಕೊಡದಾ, ಹೆಸ್ರು ಹುಡ್ಕದಾ?"

"ಬಸ್ ತುಂಬಾ ತಿರುಗಿಸ್ತೀಯಾ? ಜನರ ಕಾಯಿಲೆ ಅದು! ಬುದ್ಧಿ ಇಲ್ವಾ ನಿಂಗೆ?"

"ಬೈಯ್ರಿ. ಆದ್ರೆ ಕಳ್ಸಿದ್ ಯಾರು? ಒಂದ್ ರೂಪಾಯಿ ಇಸ್ಕೊಂಡಿಲ್ಲ ನಾನು. ಯಾರಿಗೂ ತೋರಿಸ್ಬೇಡ ಅಂತ ಒಂದಿನಾನಾರೂ ಹೇಳಿದ್ರಾ?"

ಹೇಳಿರಲಿಲ್ಲ. ಅವನ ಫೋನ್ ಇಸಿದುಕೊಂಡು ಡಿಲೀಟ್ ಮಾಡುತ್ತ ಕುಳಿತೆ. ಹದಿನಾಲ್ಕು ತಿಂಗಳ ರಿಪೋರ್ಟು. ಸಕ್ಕರೆ, ಟಿಬಿ, ಬಸಿರು. ಬಸ್ ಹತ್ತು ನಿಮಿಷ ತಡವಾಗಿ ಹೊರಟಿತು. ಹನ್ನೆರಡು ಅಕ್ಷರದ ಪಾಸ್‌ವರ್ಡ್ ಇಟ್ಟ ಜಾಣೆ ನಾನು!

ನವೆಂಬರ್ 13, ಗುರುವಾರ

ಸರ್ ಒಂದು ಪತ್ರ ಟೈಪ್ ಮಾಡಿಸಿ ಇಟ್ಟಿದ್ದರು. "ನಮ್ಮ ಕಂಪ್ಯೂಟರ್ ಹ್ಯಾಕ್ ಆಗಿದ್ದು, ಮಾಹಿತಿ ಕಳವಾಗಿರುತ್ತದೆ." ಕೆಳಗೆ ನನ್ನ ಸಹಿಗೆ ಜಾಗ.

"ಯಾವ ಹ್ಯಾಕರ್ ಸರ್? ಯಾವ ಬಸ್ಸಲ್ಲಿ ಬಂದ?" ಎಂದೆ.

"ಲ್ಯಾಬ್ ಹೆಸ್ರು ಹಾಳಾದ್ರೆ ನಿಮ್ಮ ಕೆಲಸಾನೂ ಇಲ್ಲ. ಯೋಚ್ನೆ ಮಾಡಿ."

ಮಾಡಿದೆ. ಪತ್ರ ನಾಲ್ಕು ಚೂರು. ಶನಿವಾರ ರಜೆ ಬರೆದುಕೊಟ್ಟೆ. ಆ ಮೀಟಿಂಗಿಗೆ ನಾನೇ ಹೋಗುತ್ತೇನೆ. ನಿಜ ಹೇಳಲು ಯಾರ ಭಯ?

ನವೆಂಬರ್ 15, ಶನಿವಾರ. ರಾತ್ರಿ

ಬರೆಯಲೇಬೇಕು. ಇಲ್ಲದಿದ್ದರೆ ನಾಳೆ ನನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೇನೆ.

ಬಸ್ ತಡ. ನಾನು ಹೋಗುವಷ್ಟರಲ್ಲಿ ಮೀಟಿಂಗ್ ಅರ್ಧ ಮುಗಿದಿತ್ತು. ಒಂದನೇ ಕ್ಲಾಸಿನ ಕೋಣೆ, ಪುಟ್ಟ ಬೆಂಚುಗಳ ಮೇಲೆ ದೊಡ್ಡವರು. ಸಮಿತಿ ಅಧ್ಯಕ್ಷ ವಾಸಪ್ಪ ಗೌಡರು ಕುರ್ಚಿಯಲ್ಲಿ. ಹಾಲಮ್ಮ ಕಪ್ಪುಹಲಗೆಯ ಕೆಳಗೆ ನಿಂತಿದ್ದಳು. ನನ್ನನ್ನು ಕಂಡದ್ದೇ ಮುಖ ಬಿಳುಚಿತು. ತಲೆ ಅಲ್ಲಾಡಿಸಿದಳು, ಸಣ್ಣಗೆ. ಬೇಡ ಅಂತ. ಈಗ ತಿಳಿಯುತ್ತಿದೆ. ಆಗ ಹೆದರಿದ್ದಾಳೆ ಅಂದುಕೊಂಡೆ. ಧೈರ್ಯ ಕೊಡಬೇಕು ಅಂದುಕೊಂಡೆ!

ಯಾರನ್ನೂ ಕೇಳದೆ ಶುರುಮಾಡಿದೆ. "ನಾನು ಲ್ಯಾಬಿನಿಂದ ಬಂದಿದೀನಿ. ಹಾಲಮ್ಮನ ಟೆಸ್ಟ್ ಮಾಡಿದ್ದು ನಾನೇ. ಹೆಪಟೈಟಿಸ್ ಬಿ ಅಡುಗೆಯಿಂದ ಹರಡಲ್ಲ, ತಟ್ಟೆಯಿಂದ ಹರಡಲ್ಲ. ರಿಪೋರ್ಟ್ ಹೊರಗೆ ಬಂದಿದ್ದು ನಮ್ಮ ತಪ್ಪು. ಅವರನ್ನ ಕೆಲಸದಿಂದ ತೆಗೆಯೋ ಹಕ್ಕು ನಿಮಗೆ ಯಾರು ಕೊಟ್ರು?" ಇನ್ನೂ ಏನೇನೋ. ಏರಿದ ದನಿ. ನನ್ನ ಮಾತು ನನಗೇ ಚೆನ್ನಾಗಿ ಕೇಳುತ್ತಿತ್ತು.

ಗೆದ್ದೆ ಅಂದುಕೊಂಡೆ.

ವಾಸಪ್ಪ ಗೌಡರು ಹಾಲಮ್ಮನ ಕಡೆ ತಿರುಗಿದರು. "ಹಂಗಾರೆ ಅದು ನಿಂದೇ ಅಂತ ಆತಲ್ಲ. ಈಗಷ್ಟೇ ಎಲ್ರೆದುರಿಗೆ ನಂದಲ್ಲ ಅಂದ್ಯಲ್ಲೇ?"

ಹಿಂದಿನ ಬೆಂಚಿನಲ್ಲಿ ಯಾರೋ ತಾಯಿ ಎದ್ದು ಮಗುವಿನ ಕೈ ಹಿಡಿದು ಹೊರಗೆ ಹೋದಳು.

ಬಸ್ಸಿನವರೆಗೆ ಹಾಲಮ್ಮ ನನ್ನ ಜೊತೆ ನಡೆದಳು. ಬೈಯಲಿಲ್ಲ. ದೂರ ನೋಡುತ್ತ ಹೇಳಿದಳು.

"ಹೆಸ್ರು ಸರಿಯಾಗಿ ಕಾಣ್ತಿರ್ಲಿಲ್ಲ ಮೇಡಂ ಅದ್ರಲ್ಲಿ. ನಂದಲ್ಲ ಅಂತ ಹೇಳಿ ಮುಗ್ಸಿದ್ದೆ. ಗೌಡ್ರು ಹ್ಞೂಂ ಅಂದಿದ್ರು. ಸೋಮವಾರದಿಂದ ಬಾ ಅಂದಿದ್ರು. ನೀವ್ ಬಾಗ್ಲಲ್ಲಿ ಬಂದ್ರಿ."

"ನನಗೆ ಗೊತ್ತಿರ್ಲಿಲ್ಲ ಹಾಲಮ್ಮ..."

"ಕೇಳಿದ್ರೆ ಗೊತ್ತಾಗ್ತಿತ್ತು. ಅವತ್ತು ನಾನೇ ಬರ್ತೀನಿ ಅಂದೆ, ಕೇಳ್ಲಿಲ್ಲ. ಮೊನ್ನೆ ಬ್ಯಾಡ ಅಂದೆ, ಕೇಳ್ಲಿಲ್ಲ. ನನ್ ರಕ್ತ ಮೇಡಂ ಅದು."

ಗ್ರೂಪಿನ ಆ ಮಸುಕು ಫೋಟೋದಿಂದ ಹುಟ್ಟಿದ್ದು ಬರೀ ಅನುಮಾನ. ಅದಕ್ಕೆ ಸೀಲು ಒತ್ತಿದ್ದು ನಾನು. ದುರ್ಗೇಶನನ್ನು ಬೈದೆ, ಸರ್ ಅವರನ್ನು ಬೈದೆ. ನಾಚಿಕೆಯಾಗಬೇಕು ನನಗೆ.

ನವೆಂಬರ್ 17, ಸೋಮವಾರ. ಬೆಳಿಗ್ಗೆ 11.20

ಶಾಲೆಯಲ್ಲಿ ಇವತ್ತಿನಿಂದ ಬೇರೆಯವಳ ಅಡುಗೆಯಂತೆ. ದುರ್ಗೇಶ ಹೇಳಿದ. ಅವನ ಕೈಗೆ ಇನ್ನು ಒಂದು ರಿಪೋರ್ಟೂ ಇಲ್ಲ. ಬೇಕಾದವರು ಬರಲಿ, ಅಥವಾ ಹೇಗೆ ಕಳಿಸಲಿ ಎಂದು ಅವರೇ ಹೇಳಲಿ. ಸರ್ ಕೂಗಾಡಿದರು. ಕೂಗಾಡಲಿ.

ಹಾಲಮ್ಮ ಬಂದಿದ್ದಾಳೆ! ಬೆಳಗಿನ ಬಸ್ಸಿಗೆ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ. "ರಿಪೋರ್ಟ್ ಹಾಳೆ ಕೊಡಿ, ಕೈಗೇ ಕೊಡಿ" ಎಂದಳು, ಅಷ್ಟೇ. ತೀರ್ಥಹಳ್ಳಿಗೆ ಡಾಕ್ಟರ ಹತ್ತಿರ ಹೋಗುತ್ತಾಳಂತೆ. ಆ ಡಾಕ್ಟರು ನನಗೆ ಗೊತ್ತು, ಒಂದು ಫೋನ್ ಮಾಡಿ ಎಲ್ಲ ಹೇಳಿಬಿಡುತ್ತೇನೆ... ಬಾಯಿಗೆ ಬಂತು. ನುಂಗಿದೆ.

ಪ್ರಿಂಟ್ ಬಂತು. ಕವರಿಗೆ ಹಾಕಿದೆ. ಪಿನ್ ಹೊಡೆದೆ, ಎರಡು ಕಡೆ. ಕ್ಷಮಿಸಿ ಅನ್ನುವುದಿಲ್ಲ, ಅದನ್ನು ಹೊತ್ತುಕೊಳ್ಳುವ ಕೆಲಸವೂ ಅವಳ ಮೇಲೇ ಬೀಳುತ್ತದೆ. ಕವರ್ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ನಾನು ಏನಾದರೂ ಮಾಡಬೇಕಾ, ಸುಮ್ಮನಿರಬೇಕಾ ಅಂತ ಕೇಳುತ್ತೇನೆ. ಅವಳು ಹೇಳಿ ಮುಗಿಸುವವರೆಗೆ ನಾನು ಒಂದು ಮಾತೂ ಆಡುವುದಿಲ್ಲ.